ಬಲಗೈ ಓದಲು ಕಲಿತದ್ದು

ಮೂರನೇ ಮಹಡಿ, ಅಡುಗೆಮನೆಯ ಮೇಜಿನಿಂದ
ಭಾನುವಾರ, ನವೆಂಬರ್ ೧೬, ಮಧ್ಯಾಹ್ನ

ನನ್ನ ಮುದ್ದು ಗುಬ್ಬೀ,

ಹೇಗಿದ್ದೀಯೇ? ಹಾಸ್ಟೆಲ್ಲಿನ ಆ ನೂರ ಇಪ್ಪತ್ತು ಹುಡುಗಿಯರು ನಿನ್ನ ತಲೆ ತಿನ್ನುವುದನ್ನು ಸ್ವಲ್ಪವಾದರೂ ಕಡಿಮೆ ಮಾಡಿದ್ದಾರಾ, ಇಲ್ಲಾ ಪರೀಕ್ಷೆ ಹತ್ತಿರ ಬಂತು ಅಂತ ಇನ್ನೂ ಜಾಸ್ತಿಯಾಗಿದೆಯಾ? ವಾರ್ಡನ್ನಮ್ಮ ನೀನು, ಎಲ್ಲರಿಗೂ ಬಡಿಸಿ, ಕೊನೆಗೆ ಪಾತ್ರೆಯ ತಳ ಕೆರೆದು ನಿಂತುಕೊಂಡೇ ತಿನ್ನುತ್ತೀ ಅಂತ ನನಗೆ ಗೊತ್ತು. ಕೂತು ತಿನ್ನು, ಇದು ಅಕ್ಕನ ಆರ್ಡರು. ನಾವಿಲ್ಲಿ ಚೆನ್ನಾಗಿದ್ದೇವೆ. ನಿನ್ನ ಭಾವ ಎಂದಿನಂತೆ ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿ, ನಮ್ಮ ಕಟ್ಟಡದ ಲಿಫ್ಟನ್ನು ಮಾತ್ರ ‘ನಾಳೆ ನೋಡ್ತೀನಿ’ ಅಂತ ಬಿಟ್ಟಿದ್ದಾರೆ. ಈ ಕಾಗದವನ್ನು ನಾನೇ ಟೈಪ್ ಮಾಡುತ್ತಿದ್ದೇನೆ. ಕಣ್ಣಿಲ್ಲದವರಿಗೆ ಅಂತ ಕಂಪ್ಯೂಟರಿನೊಳಗೆ ಕೂರಿಸಿರುವ ಹೆಂಗಸು ಒಂದೊಂದು ಅಕ್ಷರವನ್ನೂ ಮೂಗಿನಲ್ಲಿ ಓದಿ ಹೇಳುತ್ತಾಳೆ. ಅಷ್ಟಾದರೂ ತಪ್ಪು ನುಸುಳಿದ್ದರೆ ನನ್ನ ಎಡಗೈಯನ್ನು ಬೈದುಕೋ. ಅದಕ್ಕೆ ಕಾರಣವಿದೆ, ಮುಂದೆ ಬರುತ್ತದೆ.

ಮೊದಲು ಸುದ್ದಿ. ಶುಕ್ರವಾರ ನಾನು ಕೆಲಸಕ್ಕೆ ಹೋದೆ ಕಣೇ! ಹತ್ತು ತಿಂಗಳಾದ ಮೇಲೆ! ಬಾಗಿಲು ತಳ್ಳಿದ ಕೂಡಲೇ ನಮ್ಮ ಬ್ರೈಲ್ ಪ್ರೆಸ್ಸಿನ ವಾಸನೆ ಬಂತು, ಆ ದಪ್ಪ ಕಾಗದದ್ದು, ಮೆಷಿನ್ ಎಣ್ಣೆಯದ್ದು. ಚುಕ್ಕಿ ಒತ್ತುವ ಮೆಷಿನ್ನು ಧಡಕ್ ಧಡಕ್ ಅನ್ನುತ್ತಿತ್ತು. ಬಾಗಿಲಲ್ಲೇ ನಿಂತು ಅತ್ತುಬಿಟ್ಟೆ. ಮ್ಯಾನೇಜರ್ ಗಾಬರಿಯಾಗಿ ‘ಕೂತ್ಕೊಳ್ಳಿ ಕೂತ್ಕೊಳ್ಳಿ’ ಅಂತ ಯಾರೋ ಕೂತಿದ್ದ ಕುರ್ಚಿಯನ್ನೇ ಎಳೆದು ತಂದರು. ನನ್ನ ಕೆಲಸ ನಿನಗೆ ಗೊತ್ತೇ ಇದೆ. ಚುಕ್ಕಿಗಳ ಮೇಲೆ ಬೆರಳಾಡಿಸುತ್ತ ನಾನು ಗಟ್ಟಿಯಾಗಿ ಓದುವುದು, ಎದುರಿಗೆ ಅಚ್ಚಾದ ಪುಸ್ತಕ ಹಿಡಿದು ಕೂತವರು ಕಣ್ಣಲ್ಲಿ ಹಿಂಬಾಲಿಸುವುದು, ತಪ್ಪು ಸಿಕ್ಕಿದ ಕಡೆ ಗುರುತು ಹಾಕುವುದು. ನನ್ನ ಎದುರು ಈಗಲೂ ನಮ್ಮ ಅಲ್ಪವಿರಾಮ ಅವರೇ. ನೆನಪಿದೆಯಾ, ಎರಡು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಾರೆ ಅಂತ ನಾವು ಹೆಸರಿಟ್ಟಿದ್ದವರು? ನಿವೃತ್ತಿಗೆ ಇನ್ನೆರಡೇ ವರ್ಷ. ಅವರ ಎದುರು ಕೂತು ಭೂಗೋಳದ ಪಾಠ ನಲವತ್ತು ಪುಟ ಓದಿದೆ. ಹನ್ನೊಂದು ತಪ್ಪು ಹಿಡಿದೆ. ಅದರಲ್ಲೊಂದು ಮೂಲ ಪುಸ್ತಕದ್ದೇ ತಪ್ಪು! ನದಿಯೊಂದು ಸಮುದ್ರದಿಂದ ಬೆಟ್ಟಕ್ಕೆ ಹರಿಯುತ್ತಿತ್ತು. ಇಷ್ಟನ್ನೂ ಓದಿದ್ದು ಬಲಗೈ ತೋರುಬೆರಳಲ್ಲಿ, ಗುಬ್ಬೀ. ನೀನು ಈಗ ಹುಬ್ಬು ಗಂಟಿಕ್ಕಿರುತ್ತೀ. ಅಕ್ಕ ಆರು ವರ್ಷದ ಹುಡುಗಿಯಾಗಿದ್ದಾಗಿನಿಂದ ಎಡಗೈಯಲ್ಲಿ ತಾನೇ ಓದುವುದು ಅಂತ. ಹೌದು. ಅದೇ ಕಥೆಯನ್ನು ಹೇಳಲು ಕೂತಿದ್ದೇನೆ. ನಿನ್ನ ಹಾಸ್ಟೆಲ್ಲಿನ ಫೋನು ಎರಡು ನಿಮಿಷಕ್ಕೊಮ್ಮೆ ಕಟ್ಟಾಗುತ್ತದೆ, ಕಟ್ಟಾಗದಿದ್ದರೆ ಯಾವಳೋ ಹುಡುಗಿ ಬಂದು ‘ಮೇಡಂ, ನಲ್ಲೀಲಿ ನೀರಿಲ್ಲ’ ಅನ್ನುತ್ತಾಳೆ. ಆ ಗಲಾಟೆಯಲ್ಲಿ ನಾನು ‘ಚೆನ್ನಾಗಿದ್ದೀನಿ, ನಡೀತಾ ಇದೆ’ ಅಂದದ್ದೆಲ್ಲ ಅರ್ಧ ನಿಜ. ಇನ್ನರ್ಧ ಇಲ್ಲಿದೆ.

ಎದೆಯಲ್ಲಿ ಗಂಟು ಸಿಕ್ಕಿದ್ದು, ಫೆಬ್ರವರಿಯಲ್ಲಿ ಆಪರೇಷನ್ ಆದದ್ದು ನಿನಗೆ ಗೊತ್ತು. ಆಗ ನೀನು ರಜೆ ಸಿಗದೆ ಫೋನಿನಲ್ಲಿ ಅತ್ತದ್ದೂ ನನಗೆ ಗೊತ್ತು. ಅದು ಬಿಡು. ಆಪರೇಷನ್ ಆದ ಮೇಲೆ ನಮ್ಮ ಡಾಕ್ಟರಮ್ಮ, ಸಣ್ಣ ದನಿಯವರು, ಆದರೆ ಆ ಸಣ್ಣ ದನಿಗೆ ಇಡೀ ವಾರ್ಡೇ ಹೆದರುತ್ತದೆ, ನನ್ನನ್ನು ಕೂರಿಸಿಕೊಂಡು ಹೇಳಿದರು. ಕಾಯಿಲೆ ಮತ್ತೆ ತಲೆಯೆತ್ತದ ಹಾಗೆ ಹನ್ನೆರಡು ವಾರ ಡ್ರಿಪ್ಪಿನಲ್ಲಿ ಔಷಧಿ ಹನಿಸಬೇಕು. ಔಷಧಿ ಒಳ್ಳೆಯದು, ಅದನ್ನು ಬಿಡುವ ಹಾಗಿಲ್ಲ. ಕೂದಲು ಹೋಗುತ್ತದೆ, ಬರುತ್ತದೆ. ಸುಸ್ತು ಬರುತ್ತದೆ, ಹೋಗುತ್ತದೆ. ಆಮೇಲೆ ಮೇಜಿನ ಮೇಲೆ ಪೆನ್ನು ಇಟ್ಟ ಸದ್ದಾಯಿತು. ‘ಇನ್ನೊಂದು ವಿಷಯ. ಈ ಔಷಧಿಯಿಂದ ತುಂಬ ಜನಕ್ಕೆ ಬೆರಳ ತುದಿ ಮರಗಟ್ಟುತ್ತೆ. ಕೆಲವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತೆ, ಕೆಲವರಿಗೆ ಹೋಗೋದೇ ಇಲ್ಲ. ನೀವು ಏನು ಕೆಲಸ ಮಾಡ್ತೀರಿ?’ ಅಂದರು. ನಾನು ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ನನ್ನ ಹತ್ತಿರ ಬಂದು ಕೂತರು.

ಗುಬ್ಬೀ, ಗಂಟು ಸಿಕ್ಕಿದ ದಿನ ನಾನು ಅತ್ತಿರಲಿಲ್ಲ. ಅವತ್ತು ಅತ್ತೆ. ಕಾಣುವುದು ಹೇಗಿರುತ್ತದೆ ಅಂತಲೇ ಗೊತ್ತಿಲ್ಲದ ನನಗೆ ಕಣ್ಣು ಹೋಗುವುದು ಅಂದರೆ ಏನು ಅಂತ ಅವತ್ತು ಗೊತ್ತಾಯಿತು. ಅನ್ನ ಹಾಕಿದ್ದು ಈ ಬೆರಳು. ನಿನ್ನ ಭಾವ ಮದುವೆಗೆ ಮುಂಚೆ ಕಲಿತು, ಕುಟ್ಟಿ ಕುಟ್ಟಿ ಬರೆದ ಕಾಗದಗಳನ್ನು ಓದಿದ್ದು ಈ ಬೆರಳು. (ಅವರ ಬ್ರೈಲಿನಲ್ಲಿ ತಪ್ಪುಗಳೇ ಜಾಸ್ತಿ. ಒಂದು ಕಾಗದದ ಪ್ರಕಾರ ಅವರು ಲಿಫ್ಟನ್ನೇ ಪ್ರೀತಿಸುತ್ತಿದ್ದರು.) ಮನೆಗೆ ಬಂದು ಆ ಹಳೆಯ ಕಾಗದಗಳ ಡಬ್ಬಿ ತೆಗೆದು ಸಂಜೆಯವರೆಗೂ ಓದುತ್ತ ಕೂತೆ. ಇನ್ನು ಸಿಗುವುದಿಲ್ಲವೇನೋ ಅನ್ನುವ ಹಾಗೆ.

ಮುಂದಿನ ವಾರ ಡಾಕ್ಟರಮ್ಮನೇ ಫೋನ್ ಮಾಡಿ ಕರೆಸಿದರು. ಅವರದ್ದೊಂದು ಸಂಶೋಧನೆ ನಡೆಯುತ್ತಿದೆಯಂತೆ, ಕೈಗವಸಿನದು. ಫ್ರೀಜರಿನಲ್ಲಿಟ್ಟ ಕೈಗವಸು. ಔಷಧಿ ಹನಿಯುವ ಹೊತ್ತಿನಲ್ಲಿ ಅದನ್ನು ಹಾಕಿಕೊಂಡರೆ ಬೆರಳಿನ ರಕ್ತನಾಳ ಚಳಿಗೆ ಮುದುರಿಕೊಳ್ಳುತ್ತದೆ, ಔಷಧಿ ಅಲ್ಲಿಗೆ ಕಡಿಮೆ ಹೋಗುತ್ತದೆ, ನರ ಉಳಿಯಬಹುದು. ‘ಬಹುದು’ ಅನ್ನುವುದನ್ನು ಅವರು ಒತ್ತಿ ಹೇಳಿದರು. ಉಳಿಯುತ್ತದೋ ಇಲ್ಲವೋ ಸರಿಯಾಗಿ ಯಾರಿಗೂ ಗೊತ್ತಿಲ್ಲ, ಅದನ್ನು ತಿಳಿಯುವುದಕ್ಕೇ ಈ ಸಂಶೋಧನೆ. ಇಷ್ಟು ಸರಳವಾದದ್ದನ್ನು ಇಷ್ಟು ವರ್ಷ ಯಾರೂ ಯಾಕೆ ಪರೀಕ್ಷೆ ಮಾಡಿ ನೋಡಲಿಲ್ಲ ಅಂತ ಕೇಳಿದೆ. ‘ಹೊಸ ಔಷಧಿ ಅಂದ್ರೆ ಕಂಪನಿಗಳು ದುಡ್ಡು ಹಾಕ್ತವೆ. ಚಳಿಯನ್ನ ಯಾರು ಮಾರ್ತಾರೆ, ಹೇಳಿ?’ ಅಂದರು.

ಇದಕ್ಕೆ ದುಡ್ಡು ಹಾಕಿದವರು ಯಾರು ಗೊತ್ತಾ? ಒಬ್ಬ ಶಾಲಾ ಬಸ್ಸಿನ ಡ್ರೈವರ್! ಅವರ ಹೆಂಡತಿ ದರ್ಜಿ. ಆಕೆಗೂ ನನ್ನದೇ ಕಾಯಿಲೆ, ಇದೇ ಔಷಧಿ. ಕಾಯಿಲೆ ವಾಸಿಯಾಯಿತು, ಬೆರಳು ಹೋಯಿತು. ಸೂಜಿ ಚುಚ್ಚಿದ್ದು ಆಕೆಗೆ ಗೊತ್ತಾಗುತ್ತಿದ್ದದ್ದು ಬಟ್ಟೆಯ ಮೇಲೆ ರಕ್ತದ ಕಲೆ ಕಂಡಾಗಲಂತೆ. ಡ್ರೈವರ್ ಬಂದು ಡಾಕ್ಟರಮ್ಮನನ್ನು ತರಾಟೆಗೆ ತೆಗೆದುಕೊಂಡರು. ಜೀವ ಉಳಿಸಿದಿರಿ ಸರಿ, ಕೈ ಯಾಕೆ ಉಳಿಸಲಿಲ್ಲ ಅಂತ. ಕೈಗವಸಿನ ಯೋಚನೆ ಇದೆ, ದುಡ್ಡು ಕೊಡುವವರಿಲ್ಲ ಅಂತ ಇವರು ಹೇಳಿದರು. ‘ಹಾಗಾದ್ರೆ ನಾನು ತರ್ತೀನಿ’ ಅಂದು ಆ ಮನುಷ್ಯ ಎದ್ದು ಹೋದರಂತೆ. ಡಿಪೋದ ಡ್ರೈವರುಗಳು, ಕಂಡಕ್ಟರುಗಳು, ಬಸ್ಸಿನ ಮಕ್ಕಳ ಅಪ್ಪ ಅಮ್ಮಂದಿರು ಒಬ್ಬೊಬ್ಬರಾಗಿ ಸೇರಿದರು. ಮಕ್ಕಳು ಓಟದ ಪಂದ್ಯ ಇಟ್ಟರು. ಯಾರೋ ಒಬ್ಬರು ಅಜ್ಜಿ ಸಾಯುವ ಮುಂಚೆ ತನ್ನ ಮನೆಯನ್ನೇ ಬರೆದುಕೊಟ್ಟರು. ಆರು ವರ್ಷ ಹಿಡಿಯಿತು, ಒಂದು ಪುಟ್ಟ ಟ್ರಸ್ಟ್ ಆಯಿತು. ಫ್ರೀಜರು ಅವರದ್ದು, ಕೈಗವಸು ಅವರದ್ದು, ಸಂಶೋಧನೆಯ ನರ್ಸಿನ ಸಂಬಳ ಅವರದ್ದು. ಲೆಕ್ಕ ಹಾಕುವ ಪ್ರೊಫೆಸರ್ ಮಾತ್ರ ಪುಕ್ಕಟೆ, ಅವರ ಮಗಳು ಆ ಬಸ್ಸಿನಲ್ಲಿ ಶಾಲೆಗೆ ಹೋದವಳು.

ಈಗ ತೊಡಕಿಗೆ ಬರುತ್ತೇನೆ. ಆ ಸಂಶೋಧನೆಯಲ್ಲಿ ಕೈಗವಸು ಒಂದೇ ಕೈಗೆ. ಇನ್ನೊಂದು ಕೈ ಬರಿಗೈ. ಆಗಲೇ ತಾನೇ ಒಬ್ಬರದ್ದೇ ಎರಡು ಕೈ ಹೋಲಿಸಿ ವ್ಯತ್ಯಾಸ ಹೇಳಲಾಗುವುದು? ಯಾವ ಕೈಗೆ ಅನ್ನುವುದನ್ನು ಕಂಪ್ಯೂಟರು ಚೀಟಿ ಎತ್ತಿದ ಹಾಗೆ ಎತ್ತುತ್ತದೆ, ಡಾಕ್ಟರೂ ಕೈಯಾಡಿಸುವ ಹಾಗಿಲ್ಲ. ಸಂಶೋಧನೆಯ ನರ್ಸು, ಅವಳ ಒಂದು ಬೂಟು ಕೀಚ್ ಕೀಚ್ ಅನ್ನುತ್ತದೆ, ದೂರದಿಂದಲೇ ನನಗೆ ಅವಳ ಗುರುತು, ನನ್ನ ಎದುರೇ ಗುಂಡಿ ಒತ್ತಿದಳು. ನಾನು ಎಡಗೈಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು ಕೂತಿದ್ದೆ. ಅವಳು ಬಂದು ನನ್ನ ಬಲಗೈಯನ್ನು ಮೆಲ್ಲಗೆ ಮುಟ್ಟಿದಳು. ಚೀಟಿ ಬಲಗೈಗೆ ಬಂದಿತ್ತು.

ಡಾಕ್ಟರಮ್ಮ ಓಡಿ ಬಂದರು. ‘ನೀವು ಸೇರಲೇಬೇಕು ಅಂತಿಲ್ಲ. ಬೇಡ ಅಂದ್ರೆ ಮನೆಯಿಂದ ಐಸ್ ತಂದು ಎರಡೂ ಕೈಗೆ ಇಟ್ಕೊಳ್ಳಿ, ನಾನು ತಡೆಯಲ್ಲ. ಉಪಯೋಗವಾಗುತ್ತೆ ಅಂತ ಮಾತು ಕೊಡಲಾರೆ. ಕೈ ನಿಮ್ಮದು’ ಅಂದರು. ಒಂದು ದಿನ ಟೈಮು ಕೇಳಿ ಮನೆಗೆ ಬಂದೆ. ನಿನ್ನ ಭಾವ ಕೆಂಡವಾದರು. ಯೋಚನೆ ಮಾಡುವುದಕ್ಕೆ ಏನಿದೆ, ಎರಡೂ ಕೈಗೆ ಐಸ್, ಮುಗಿಯಿತು ಅಂತ. ಸರಿ, ಮಾಡಿ ನೋಡೋಣ ಅಂದೆ. ಇದೇ ಮೇಜಿನ ಮೇಲೆ, ಬಟಾಣಿ ಪ್ಯಾಕೆಟ್ಟು, ಐಸಿನ ಚೀಲ, ಅವರ ಲಿಫ್ಟಿನ ರಬ್ಬರ್ ಬೆಲ್ಟು ಎಲ್ಲ ಸೇರಿಸಿ ಎರಡು ಕೈಗೂ ಕಟ್ಟಿದರು. ಮೂಗು ತುರಿಸಿತು, ಅವರೇ ಕೆರೆದರು. ಹತ್ತು ನಿಮಿಷಕ್ಕೆ ನೀರು ಮೊಣಕೈವರೆಗೆ ಇಳಿಯಿತು. ಇಪ್ಪತ್ತು ನಿಮಿಷಕ್ಕೆ ಚೀಲ ಒಂದು ಕಡೆ ಜಾರಿ, ಹೆಬ್ಬೆರಳು ಸುಟ್ಟ ಹಾಗಾಗಿ, ತೋರುಬೆರಳು ಬೆಚ್ಚಗೇ ಇತ್ತು. ನನಗೆ ಬೇಕಾದ ಬೆರಳೇ ಬೆಚ್ಚಗೆ! ಆಸ್ಪತ್ರೆಯ ಕೈಗವಸನ್ನು ನಾನು ಮುಟ್ಟಿ ನೋಡಿದ್ದೆ. ಪ್ರತಿ ಬೆರಳಿಗೂ ಬೇರೆ ಗೂಡು, ಒಳಗೆ ಮೆತ್ತನೆ ಜೆಲ್ಲು, ಅರ್ಧ ಗಂಟೆಗೊಮ್ಮೆ ನರ್ಸು ಹೊಸದನ್ನು ಹಾಕುತ್ತಾಳೆ. ಆಗ ಹೊಳೆಯಿತು. ಎರಡು ಕೈಗೆ ಅರೆಬರೆ ಐಸಿಗಿಂತ ಒಂದು ಕೈಗೆ ಸರಿಯಾದ ಕೈಗವಸೇ ಮೇಲು. ಯಾವ ಕೈ ಉಳಿಯುವುದೋ ಆ ಕೈಗೆ ಓದಲು ಕಲಿಸಿದರಾಯಿತು! ಹನ್ನೆರಡು ವಾರವಿದೆ. ಅದೂ ಅಲ್ಲದೆ, ಆ ದರ್ಜಿಯ ವಿಷಯ ಮನಸ್ಸಿನಿಂದ ಹೋಗುತ್ತಿರಲಿಲ್ಲ. ನನ್ನ ಎರಡು ಕೈಯ ವ್ಯತ್ಯಾಸ ಇನ್ನೊಬ್ಬಳ ಕೈ ಉಳಿಸುವುದಾದರೆ ಉಳಿಸಲಿ ಅನ್ನಿಸಿತು. ನಿನ್ನ ಭಾವ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೇ ದಿನ ಪ್ರೆಸ್ಸಿಗೆ ಹೋಗಿ ಒಂದನೇ ತರಗತಿಯ ಬ್ರೈಲ್ ಪುಸ್ತಕ ತಂದು ನನ್ನ ಬಲಗೈ ಕೆಳಗಿಟ್ಟರು. ಅದೇ ಅವರ ಒಪ್ಪಿಗೆ.

ಐವತ್ತೆರಡರ ವಯಸ್ಸಿನಲ್ಲಿ ಅ ಆ ಇ ಈ! ನಗು ಬರುತ್ತದೆ, ಆದರೆ ಅಷ್ಟೇ ಕಷ್ಟ. ತಲೆಗೆ ಎಲ್ಲ ಗೊತ್ತು, ಬೆರಳಿಗೆ ಏನೂ ಗೊತ್ತಿಲ್ಲ. ಎಡಗೈ ಪಕ್ಕದಲ್ಲಿ ಕೂತು ಚಡಪಡಿಸುತ್ತಿತ್ತು, ಕಣ್ತಪ್ಪಿಸಿ ಬಂದು ಓದಿಬಿಡುತ್ತಿತ್ತು. ಕೊನೆಗೆ ಅದರ ಮೇಲೆ ನಾನೇ ಕೂರುತ್ತಿದ್ದೆ. ಪ್ರತಿ ಸೋಮವಾರ ಔಷಧಿ. ಆ ಕೋಣೆಯಲ್ಲಿ ಆರು ಕುರ್ಚಿ, ಆರು ಪಂಪುಗಳ ಟಿಕ್ ಟಿಕ್, ಕಿಟಕಿಯ ಕಡೆಯಿಂದ ಯಾರದ್ದೋ ಕಿತ್ತಳೆ ಸುಲಿಯುವ ವಾಸನೆ. ಬಲಗೈ ಕೈಗವಸಿನೊಳಗೆ, ಮೊದಲ ಹತ್ತು ನಿಮಿಷ ಮೂಳೆಯೇ ಸೀಳುವ ಹಾಗೆ ನೋವು, ಆಮೇಲೆ ಏನೂ ಇಲ್ಲ. ಪಕ್ಕದ ಕುರ್ಚಿಯ ಪೇಂಟರ್ ಅಕ್ಕ ‘ನಮ್ಮ ಕೈ ಮಾತ್ರ ಹಿಮದ ದೇಶಕ್ಕೆ ಫಾರಿನ್ ಟೂರು’ ಅನ್ನುತ್ತಿದ್ದಳು. ಪ್ರತಿ ಸಲ ಶುರು ಮಾಡುವ ಮುಂಚೆ ನರ್ಸು ಬೆರಳ ಪರೀಕ್ಷೆ ಮಾಡುತ್ತಿದ್ದಳು, ಕೂದಲಿನಷ್ಟು ತೆಳ್ಳಗಿನ ಎಳೆಗಳಿಂದ ಒಂದೊಂದು ತುದಿಯನ್ನೂ ಮುಟ್ಟಿ ಗೊತ್ತಾಯಿತಾ ಅಂತ ಕೇಳುವುದು. ಮೊದಲನೇ ದಿನ ಅಭ್ಯಾಸಬಲದಿಂದ ‘ಕಣ್ಣು ಮುಚ್ಕೊಳ್ಳಿ, ನೋಡಬಾರದು’ ಅಂದಳು. ಆಮೇಲೆ ಬೂಟು ಒಮ್ಮೆ ಕೀಚ್ ಅಂತು, ಪಾಪ, ಅಲ್ಲೇ ಕುಗ್ಗಿಹೋದಳು. ‘ಮೋಸ ಮಾಡಲ್ಲ, ಪ್ರಾಮಿಸ್’ ಅಂದೆ. ಇಡೀ ಕೋಣೆ ನಕ್ಕಿತು. ಆ ನಗುವಿನ ಮೇಲೆ ನಾವಿಬ್ಬರೂ ಗೆಳತಿಯರಾದೆವು.

ಮಂಗಳವಾರ, ಶನಿವಾರ ಅಲ್ಪವಿರಾಮ ಅವರು ಪ್ರೆಸ್ಸಿನಿಂದ ನೇರವಾಗಿ ನಮ್ಮ ಮನೆಗೆ ಬರುತ್ತಿದ್ದರು. ಮೂರು ಮಹಡಿ ಹತ್ತಿ, ಪ್ರತಿ ಮಹಡಿಗೂ ನಿಂತು. ಮೊದಲು ಬಲಗೈಯಲ್ಲಿ ಮಕ್ಕಳ ಪಾಠ, ಕೊನೆಗೆ ಬಹುಮಾನದ ಹಾಗೆ ಎಡಗೈಯಲ್ಲಿ ಒಂದು ಪುಟ ದೊಡ್ಡ ಪಾಠ. ಐದನೇ ವಾರ ಅದು, ಎಂಟನೇ ತರಗತಿಯ ವಿಜ್ಞಾನ. ನಾನು ಎಡಗೈಯಲ್ಲಿ ಗಂಭೀರವಾಗಿ ಓದಿದೆ, ‘ಮನುಷ್ಯನ ದೇಹದ ತುಂಬ ಮರಗಳು ಹರಡಿಕೊಂಡಿವೆ.’ ಅವರು ಹೋ ಅಂತ ನಕ್ಕರು. ನಾನೂ ನಕ್ಕೆ. ನಕ್ಕು ಮುಗಿದ ಮೇಲೆ ಅವರು ಆ ಸಾಲನ್ನು ಓದಿ ಹೇಳಿದರು. ಪುಸ್ತಕದಲ್ಲಿದ್ದದ್ದು ‘ನರಗಳು’. ನ ಅಕ್ಷರಕ್ಕೂ ಮ ಅಕ್ಷರಕ್ಕೂ ಬ್ರೈಲಿನಲ್ಲಿ ಒಂದೇ ಒಂದು ಚುಕ್ಕಿಯ ವ್ಯತ್ಯಾಸ. ಆ ಒಂದು ಚುಕ್ಕಿ ನನ್ನ ಎಡಬೆರಳಿಗೆ ಸಿಕ್ಕಿರಲಿಲ್ಲ. ಮತ್ತೆ ಓದಿದೆ, ಸಿಗಲಿಲ್ಲ. ಬಲಬೆರಳಲ್ಲಿ ಸವರಿದೆ. ಇತ್ತು. ನಿಧಾನವಾಗಿ, ಆದರೆ ಸ್ಪಷ್ಟವಾಗಿ ಇತ್ತು! ಅವತ್ತು ದುಃಖಪಡಬೇಕೋ ಕುಣಿಯಬೇಕೋ ಗೊತ್ತಾಗಲಿಲ್ಲ ಗುಬ್ಬೀ. ಒಂದು ಕೈ ಹೋಗುತ್ತಿತ್ತು, ಇನ್ನೊಂದು ಉಳಿಯುತ್ತಿತ್ತು, ಎರಡನ್ನೂ ಒಂದೇ ಪುಟದ ಮೇಲೆ ನಾನು ಮುಟ್ಟಿ ನೋಡುತ್ತಿದ್ದೆ.

ಸೋಮವಾರ ಇದನ್ನು ಹೇಳಿದರೆ ನರ್ಸು ನಂಬಲಿಲ್ಲ. ಎಳೆಯ ಪರೀಕ್ಷೆಯಲ್ಲಿ ಎರಡೂ ಕೈ ಸರಿಯಾಗೇ ಇದ್ದವು. ಡಾಕ್ಟರಮ್ಮ ಬಂದರು, ನಾನು ಪುಟ ತೆಗೆದು ಅವರ ಎದುರೇ ಓದಿ ತೋರಿಸಿದೆ. ಎಡಗೈಗೆ ಮರ, ಬಲಗೈಗೆ ನರ. ಗುಬ್ಬೀ, ಆ ಸಣ್ಣ ದನಿಯ ಹೆಂಗಸು ಕೂಗಿಬಿಟ್ಟರು! ಅವರ ಎಳೆಗಳು ಮೂರು ವಾರ ಬಿಟ್ಟು ಹೇಳುವುದನ್ನು ನನ್ನ ಬೆರಳು ಈಗಲೇ ಹೇಳುತ್ತಿತ್ತು. ಮುಟ್ಟಿದ್ದು ಗೊತ್ತಾಗುವುದು ಬೇರೆ, ಹತ್ತಿರ ಹತ್ತಿರದ ಎರಡು ಚುಕ್ಕಿ ಎರಡು ಅಂತ ಗೊತ್ತಾಗುವುದು ಬೇರೆ, ಅದು ಮೊದಲು ಹೋಗುತ್ತದೆ. ಮಾರನೆಯ ದಿನವೇ ಅಲ್ಪವಿರಾಮ ಅವರು ಪ್ರೆಸ್ಸಿನಲ್ಲಿ ಒಂದು ಕಾರ್ಡು ಒತ್ತಿಸಿ ಕೊಟ್ಟರು. ಜೋಡಿ ಚುಕ್ಕಿಗಳ ಸಾಲುಗಳು, ಸಾಲು ಇಳಿದ ಹಾಗೆ ಚುಕ್ಕಿಗಳ ನಡುವಿನ ಅಂತರ ಕಡಿಮೆ. ಓದಲು ಬಾರದವರೂ ಒಂದೋ ಎರಡೋ ಅಂತ ಹೇಳಬಹುದು. ನಾನು ತೊಂಬತ್ತೊಂದನೆಯವಳು, ನನ್ನ ನಂತರ ಇನ್ನೈದೇ ಜನ ಬಾಕಿಯಿದ್ದರು, ಅವರಿಗೆಲ್ಲ ಆ ಕಾರ್ಡಿನ ಪರೀಕ್ಷೆಯೂ ಆಯಿತು.

ಹನ್ನೆರಡನೇ ವಾರದ ಹೊತ್ತಿಗೆ ಎಡಗೈಯ ಬೆರಳುಗಳು ದಪ್ಪ ಬಟ್ಟೆ ಸುತ್ತಿದ ಹಾಗಿದ್ದವು. ಅಂಗಿಯ ಗುಂಡಿ ಸಿಗುತ್ತಿರಲಿಲ್ಲ, ಬಿಸಿ ಲೋಟ ಕೈ ಸುಟ್ಟದ್ದು ಆಮೇಲೆ ತಿಳಿಯುತ್ತಿತ್ತು. ನಿನಗೆ ಸುಳ್ಳು ಹೇಳುವುದಿಲ್ಲ, ಎರಡು ಬೆರಳು ಈಗಲೂ ಹಾಗೇ ಇವೆ, ಇರುತ್ತವೋ ಏನೋ. ಕೆಲವು ದಿನ ಅದನ್ನು ಕೆನ್ನೆಗೆ ಒತ್ತಿಕೊಂಡು ಕ್ಷಮಿಸು ಅಂದಿದ್ದೇನೆ. ಆದರೆ ಬಲಗೈಗೆ ಒಂದು ಚೂರು ಜುಮ್ಮೆನ್ನುವುದು ಬಿಟ್ಟರೆ ಏನೂ ಆಗಲಿಲ್ಲ. ಏನೂ! ಬೇಸಿಗೆ ಕಳೆಯುವ ಹೊತ್ತಿಗೆ ಅದು ಒಂದನೇ ತರಗತಿ ಪಾಸಾಗಿ, ನಾಲ್ಕನೆಯದು ದಾಟಿ, ಹತ್ತನೆಯದಕ್ಕೆ ಬಂತು.

ಮೊನ್ನೆ ಬುಧವಾರ ಫಲಿತಾಂಶ ಹೇಳಲು ನಮ್ಮೆಲ್ಲರನ್ನೂ ಆಸ್ಪತ್ರೆಯ ಉಪನ್ಯಾಸದ ಹಾಲಿಗೆ ಕರೆದಿದ್ದರು. ಕೈಗವಸು ಹಾಕಿದವರು, ಅವರ ಮನೆಯವರು, ಡಿಪೋದ ಡ್ರೈವರುಗಳು ಗುಂಪಾಗಿ ಯೂನಿಫಾರ್ಮಿನಲ್ಲೇ ಬಂದಿದ್ದರಂತೆ. ನಿನ್ನ ಭಾವ ನನ್ನ ಪಕ್ಕ ಕೂತು, ನನಗಿಂತ ಜಾಸ್ತಿ ಬೆವರುತ್ತಿದ್ದರು. ಪ್ರೊಫೆಸರು ಏನೇನೋ ಗ್ರಾಫು ಹೇಳಿ ಎಲ್ಲರ ತಲೆ ಕೆಡಿಸಿದ ಮೇಲೆ ಡಾಕ್ಟರಮ್ಮ ಮೈಕು ಕಿತ್ತುಕೊಂಡರು. ‘ಸರಳವಾಗಿ ಹೇಳ್ತೀನಿ. ಬರಿಗೈಯಲ್ಲಿ ಹತ್ತರಲ್ಲಿ ಆರು ಕೈ ಮರಗಟ್ಟಿದವು. ಕೈಗವಸಿನ ಕೈಯಲ್ಲಿ ಹತ್ತರಲ್ಲಿ ಎರಡು.’ ಆಮೇಲೆ ಚಪ್ಪಾಳೆ ನೋಡು! ಪೇಂಟರ್ ಅಕ್ಕ ಕುರ್ಚಿ ಹತ್ತಿ ನಿಂತಳಂತೆ. ಡಾಕ್ಟರಮ್ಮ ಪಾಪ ಮಧ್ಯೆ ಮಧ್ಯೆ ‘ಇದು ಒಂದೇ ಆಸ್ಪತ್ರೆಯ ಲೆಕ್ಕ, ದೊಡ್ಡದಾಗಿ ಇನ್ನೊಮ್ಮೆ ನೋಡಬೇಕು’ ಅಂತ ಹೇಳುತ್ತಲೇ ಇದ್ದರು, ಕೇಳುವವರು ಯಾರು! ಬರುವ ತಿಂಗಳಿನಿಂದ ಈ ಔಷಧಿ ತೆಗೆದುಕೊಳ್ಳುವ ಎಲ್ಲರಿಗೂ, ಎರಡೂ ಕೈಗೆ, ನಮ್ಮ ಆಸ್ಪತ್ರೆಯಲ್ಲಿ ಕೈಗವಸು ಸಿಗುತ್ತದೆ. ಚೀಟಿ ಇಲ್ಲ, ಏನಿಲ್ಲ. ಮತ್ತೆ ಐದು ಆಸ್ಪತ್ರೆಗಳಲ್ಲಿ ದೊಡ್ಡ ಸಂಶೋಧನೆ, ಕಾಲಿಗೆ ಕಾಲುಚೀಲವೂ ಸೇರಿ, ಅದಕ್ಕೂ ಟ್ರಸ್ಟು ಒಪ್ಪಿದೆ. ಅದರಲ್ಲಿ ಮೊದಲ ದಿನದಿಂದಲೇ ನಮ್ಮ ಚುಕ್ಕಿ ಕಾರ್ಡು!

ಟೀ ಕುಡಿಯುವಾಗ ಯಾರೋ ಬಂದು ನನ್ನ ಎದುರು ನಿಂತರು. ಮೆಲ್ಲಗೆ ‘ನಿಮ್ಮ ಕೈ ಕೊಡ್ತೀರಾ?’ ಅಂದರು. ಆ ದರ್ಜಿ. ನನ್ನ ಬಲಗೈಯನ್ನು ತಮ್ಮ ಎರಡು ಕೈಯಲ್ಲಿ ಹಿಡಿದುಕೊಂಡರು. ಆ ಕೈಗಳು ಬೆಚ್ಚಗಿದ್ದವು, ಆದರೆ ಹಿಡಿತ ಎಲ್ಲಿ ಬಿಗಿ ಎಲ್ಲಿ ಸಡಿಲ ಅಂತ ಅವಕ್ಕೇ ತಿಳಿಯುತ್ತಿರಲಿಲ್ಲ, ನನಗೆ ಗೊತ್ತಾಯಿತು. ‘ನನಗೆ ಮುಟ್ಟಿದ್ದು ಸರಿಯಾಗಿ ತಿಳಿಯಲ್ಲ. ನಿಮಗೆ ತಿಳಿಯುತ್ತಲ್ಲ?’ ಅಂದರು. ತಿಳಿಯುತ್ತೆ ಅಂದೆ. ನಿಮ್ಮ ಹೆಬ್ಬೆರಳ ಹತ್ತಿರ ಹಳೆಯ ಗಾಯದ ಗೆರೆಯಿದೆ, ಕತ್ತರಿಯದ್ದಾ ಅಂತ ಕೇಳಿದೆ. ಆಕೆ ನಗುತ್ತ ಅಳುತ್ತ ಗಂಡನನ್ನು ಕೂಗಿದರು, ‘ರೀ, ಇಲ್ಲಿ ಬನ್ನಿ, ಈಕೆಗೆ ನನ್ನ ಕತ್ತರಿ ಗಾಯ ಗೊತ್ತಾಯ್ತು!’ ಡ್ರೈವರ್ ಬಂದರು. ದೊಡ್ಡ ಗಂಟಲಿನ ಮನುಷ್ಯ, ಎರಡು ಸಲ ಕೆಮ್ಮಿದರು. ಆಮೇಲೆ ನನಗೊಂದು ಕೆಲಸ ಕೊಟ್ಟರು! ಯಾವ ಯಾವ ಸಂಶೋಧನೆಗೆ ದುಡ್ಡು ಕೊಡಬೇಕು ಅಂತ ತೀರ್ಮಾನಿಸುವ ಟ್ರಸ್ಟಿನ ಸಮಿತಿಯಲ್ಲಿ ರೋಗಿಗಳ ಕಡೆಯಿಂದ ಒಬ್ಬರು ಇರಬೇಕಂತೆ, ಅದು ನಾನಾಗಬೇಕಂತೆ. ಅರ್ಜಿಗಳನ್ನೆಲ್ಲ ಬ್ರೈಲಿನಲ್ಲಿ ಒತ್ತಿಸಿ ಕೊಟ್ಟರೆ ಬರುತ್ತೇನೆ ಅಂದೆ. ಒಪ್ಪಿದರು. ನಮ್ಮ ಮ್ಯಾನೇಜರಿಗೆ ಹೊಸ ಗಿರಾಕಿ! ಮೊದಲ ಕಂತೆ ಶುಕ್ರವಾರವೇ ಬಂತು. ಒಬ್ಬ ಡಾಕ್ಟರು ಬಾಯಿಹುಣ್ಣು ಬರದ ಹಾಗೆ ಏನು ಮಾಡಬಹುದು ಅಂತ ಕೇಳಿದ್ದಾರೆ, ಇನ್ನೊಬ್ಬರು ವಯಸ್ಸಾದವರಿಗೆ ಅರ್ಧ ಔಷಧಿಯೇ ಸಾಕೇನೋ ಅಂತ ಕೇಳಿದ್ದಾರೆ. ಎಷ್ಟು ಒಳ್ಳೆಯ ಪ್ರಶ್ನೆಗಳು! ನಾನು ಎಸ್ಸೆಸ್ಸೆಲ್ಸಿ ಓದಿದ ಪ್ರೂಫ್ ನೋಡುವವಳು, ಆದರೆ ಬಾಯಿಹುಣ್ಣಿನ ವಿಷಯದಲ್ಲಿ ನನಗಿಂತ ದೊಡ್ಡ ಪ್ರೊಫೆಸರು ಆ ಸಮಿತಿಯಲ್ಲಿ ಯಾರಿದ್ದಾರೆ ಹೇಳು?

ಮೇಜಿನಿಂದ ಏಳಬೇಕು, ನಿನ್ನ ಭಾವ ಎರಡು ಸಲ ಬಂದು ಕುರ್ಚಿ ಎಳೆದು ಸದ್ದು ಮಾಡಿ ಹೋದರು, ಹಸಿವಾಗಿದೆ ಅಂತ ಅರ್ಥ. ನಿನಗೆ ಅವರ ನೆನಪುಗಳು. ಅಲ್ಪವಿರಾಮ ಅವರೂ ನಿನ್ನನ್ನು ಕೇಳಿದರು. ನಿನ್ನ ಹುಡುಗಿಯರೆಲ್ಲ ಪಾಸಾಗಲಿ. ನೀನು ನಗುನಗುತ್ತ ನೂರು ಕಾಲ ಇರು, ನನ್ನ ಹತ್ತಿರ ಜಗಳವಾಡಿಕೊಂಡು ಇರು.

ನಿನ್ನ ಪ್ರೀತಿಯ
ಅಕ್ಕ

ತಾ.ಕ.: ಗುಬ್ಬೀ, ನಿನ್ನೆ ನಿನ್ನ ಮಗಳು ಫೋನ್ ಮಾಡಿದ್ದಳು. ಅವಳಿಗೆ ಬೈಯಬೇಡ, ದೊಡ್ಡಮ್ಮನಿಗೆ ಹೇಳಬಾರದು ಅಂತ ನೀನು ಆಣೆ ಹಾಕಿಸಿಕೊಂಡಿದ್ದೀಯಂತೆ, ಅವಳು ಅತ್ತುಕೊಂಡು ಹೇಳಿದಳು. ಆರು ತಿಂಗಳಿನಿಂದ ನಿನ್ನ ಕಂಕುಳ ಹತ್ತಿರ ಗಂಟಿದೆ, ‘ಅಕ್ಕಂದು ಮುಗೀಲಿ, ಆಮೇಲೆ ತೋರಿಸ್ತೀನಿ’ ಅಂತ ಮುಚ್ಚಿಟ್ಟುಕೊಂಡಿದ್ದೀಯ. ಈ ಕಾಗದದಲ್ಲಿ ಮೂರು ಕಡೆ ಇದನ್ನು ಬರೆಯಲು ಹೋಗಿ ಅಳಿಸಿದೆ. ಇಷ್ಟುದ್ದ ಬರೆದದ್ದೂ ಇದಕ್ಕೇ, ನಿನಗೆ ಹೆದರಿಕೆ ಹೋಗಲಿ ಅಂತ. ಏನೂ ಇಲ್ಲದೆ ಇರಬಹುದು. ಇದ್ದರೂ ಏನೇನು ಮಾಡಬಹುದು ಅಂತ ನೀನೇ ಓದಿದೆಯಲ್ಲ. ನನ್ನದು ಮುಗಿಯಿತು ಕಣೇ. ನಮ್ಮ ಡಾಕ್ಟರಮ್ಮ ನಿನ್ನೆಯೇ ನಿನ್ನೂರಿನ ಆಸ್ಪತ್ರೆಗೆ ಫೋನ್ ಮಾಡಿ ೨೭ನೇ ತಾರೀಕು ಗುರುವಾರ ಬೆಳಗ್ಗೆ ಹತ್ತೂವರೆಗೆ ನಿನಗೆ ಸಮಯ ಗೊತ್ತು ಮಾಡಿದ್ದಾರೆ. ನಾನು ೨೬ರ ಸಂಜೆಯ ರೈಲಿಗೆ ಬಂದು ಇಳಿಯುತ್ತೇನೆ, ಸ್ಟೇಷನ್ನಿಗೆ ಬಾ. ಬೇಡ ಅಂತ ಬರೆಯಬೇಡ. ನಿನ್ನ ಉತ್ತರ ಇಲ್ಲಿಗೆ ತಲುಪುವ ಹೊತ್ತಿಗೆ ನಾನು ರೈಲಿನಲ್ಲಿರುತ್ತೇನೆ.